ಕಿತ್ತಳೆ ಗಾಜಿನೊಳಗೆ ಎಳೆದ ಗೆರೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮುಖ್ಯಸ್ಥರೂ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆದು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಹೆಸರಿಗೆ ತಕ್ಕ ಕೆಲಸವೇ ಅವಳದು, ಗಾಜಿನಲ್ಲಿ ಗೆರೆ ಎಳೆಯುವುದು. ಗಾಜಿನ ಮೇಲಲ್ಲ, ಒಳಗೆ. ಲೇಸರ್ ಬೆಳಕನ್ನು ಮಸೂರದ ಮೂಲಕ ಹಾಯಿಸಿ, ಗಾಜಿನ ಮೈಯಿಂದ ಎರಡು ಮೂರು ಕೂದಲೆಳೆಯಷ್ಟು ಆಳದಲ್ಲಿ ಒಂದು ಚುಕ್ಕೆಗೆ ಕೂಡಿಸಿದರೆ, ಆ ಚುಕ್ಕೆಯಲ್ಲಿ ಮಾತ್ರ ಗಾಜಿನ ಹದ ಬದಲಾಗುತ್ತದೆ. ಸುತ್ತಲಿನ ಗಾಜಿಗೆ ಸುದ್ದಿಯೂ ಮುಟ್ಟುವುದಿಲ್ಲ. ಹಾಗೇ ಗಾಜನ್ನು ಮೆಲ್ಲಗೆ ಸರಿಸುತ್ತ ಹೋದರೆ ಚುಕ್ಕೆ ಗೆರೆಯಾಗುತ್ತದೆ. ಆಮೇಲೆ ಆ ಗೆರೆಯ ಒಂದು ತುದಿಯಲ್ಲಿ ಬೆಳಕು ಬಿಟ್ಟರೆ, ಅದು ಆಚೀಚೆ ಚೆದುರದೆ, ಕಾಲುವೆಯಲ್ಲಿ ನೀರು ಹರಿದ ಹಾಗೆ ಗೆರೆಯ ಗುಂಟ ಹೋಗಿ ಇನ್ನೊಂದು ತುದಿಯಲ್ಲಿ ಹೊರಗೆ ಬರುತ್ತದೆ. ಒಂದು ಗೆರೆಗೆ ಚುಕ್ಕೆ ಅದೇ ದಾರಿಯಲ್ಲಿ ಇಪ್ಪತ್ತು ಸಲ ಹೋಗಿ ಬರಬೇಕು. ಒಂದು ಸಲ ಕೆಮ್ಮಿದರೂ ಕೆಟ್ಟಿತು.

ಗಾಜು ಕಾಯಿಸುವವನು ಅವಳ ತಮ್ಮ. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಅವನನ್ನು ಕುಲುಮೆ ಅಂತ ಕರೆಯುತ್ತಿದ್ದರು. "ಅಕ್ಕ ಗೋಡೆ ತುಂಬ ಗೆರೆ, ತಮ್ಮ ಮನೆ ತುಂಬ ಬೆಂಕಿ, ಇವರಮ್ಮ ಹೇಗೆ ಸಾಕಿದರೋ ಪಾಪ" ಅಂತ ಲೆಕ್ಕಪತ್ರದ ವಿಭಾಗದವರು ಊಟದ ಹೊತ್ತಿಗೆ ತಮಾಷೆ ಮಾಡುತ್ತಿದ್ದರು. ಅವನು ಮಾಡುವುದು ಕಿಟಕಿಯ ಗಾಜಲ್ಲ. ಗಂಧಕ ಬೆರೆತ, ಕಿತ್ತಳೆ ಹಣ್ಣಿನ ಬಣ್ಣದ ಗಾಜು. ಕಾಯುವಾಗ ಗಾಳಿ ಸೋಕಬಾರದು, ಆರುವಾಗ ಅವಸರ ಮಾಡಬಾರದು. ಸಾದಾ ಗಾಜು ತಡೆದು ನಿಲ್ಲಿಸುವ ಶಾಖದ ಬೆಳಕು ಇದರೊಳಗೆ ಸಲೀಸಾಗಿ ದಾಟುತ್ತದೆ. ದೂರದರ್ಶಕದವರಿಗೆ ಬೇಕಾಗಿದ್ದದ್ದು ಅದೇ. ಎರಡು ದೂರದರ್ಶಕಗಳಿಗೆ ಬಿದ್ದ ಒಂದೇ ನಕ್ಷತ್ರದ ಬೆಳಕನ್ನು ಎರಡು ಗೆರೆಗಳಲ್ಲಿ ತಂದು, ಒಂದರ ಮಗ್ಗುಲಿಗೆ ಒಂದನ್ನು ಹರಿಸಿ ಬೆರೆಸುವ ಬೆಂಕಿಪೊಟ್ಟಣದಷ್ಟು ಗಾತ್ರದ ಗಾಜಿನ ತುಂಡು ಮಾಡಿಕೊಡಿ ಅಂತ ಕೇಳಿದ್ದರು.

ಮೂರು ತಿಂಗಳಾದರೂ ಅದು ಆಗಿರಲಿಲ್ಲ. ಎರಡನೆಯ ಗೆರೆ ಎಳೆಯುವ ಹೊತ್ತಿಗೆ ಗಾಜಿನೊಳಗೆ ಸಣ್ಣ ಬಿರುಕು ಕಾಣಿಸಿಕೊಳ್ಳುತ್ತಿತ್ತು. ಅಕ್ಕ ಗಾಜಿನ ತಪ್ಪು ಅಂದಳು. ತಮ್ಮ ಲೇಸರಿನ ತಪ್ಪು ಅಂದ. ಮನೆಯಲ್ಲಿ ಆಡುತ್ತಿದ್ದ ಜಗಳವನ್ನೇ ಇಲ್ಲಿ ಸಂಬಳಕ್ಕೆ ಆಡುತ್ತಿದ್ದೀರಿ ಅಂತ ಮುಖ್ಯಸ್ಥರು ನಕ್ಕರು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಮ್ಮ ಲೇಸರ್ ಕೋಣೆಗೆ ಬಂದ. ಬಿರುಕು ಎಲ್ಲಿ ಶುರುವಾಗುತ್ತದೆ ಅಂತ ತನ್ನ ಕಣ್ಣಾರೆ ನೋಡಬೇಕು ಅಂದ. ಲೇಸರಿನ ದಾರಿಗೆ ಕಪ್ಪು ಬಣ್ಣದ ಪೆಟ್ಟಿಗೆ ಮುಚ್ಚಿರುತ್ತದೆ. ಮುಚ್ಚಳ ತೆಗೆದರೆ ಬೆಳಕು ತಾನಾಗಿ ನಿಲ್ಲಬೇಕು. ಆದರೆ ಕನ್ನಡಿಗಳನ್ನು ಹೊಂದಿಸುವಾಗ ಬೆಳಕು ನಿಂತರೆ ಕೆಲಸವೇ ಸಾಗದು, ಹಾಗಾಗಿ ಆ ಸ್ವಿಚ್ಚಿಗೆ ಒಂದು ಕ್ಲಿಪ್ಪು ಸಿಕ್ಕಿಸುವುದು ಅವಳ ರೂಢಿ. ಅವಳದೊಬ್ಬಳದೇ ಅಲ್ಲ, ಎಲ್ಲರದೂ. ಅಂದೂ ಸಿಕ್ಕಿಸಿದ್ದಳು. ಕಣ್ಣಿಗೆ ಹಾಕಿದ್ದ ಹಸಿರು ಛಾಯೆಯ ರಕ್ಷಣೆಯ ಕನ್ನಡಕದಲ್ಲಿ ಕಿತ್ತಳೆ ಗಾಜು ಬರೀ ಕಪ್ಪಗೆ ಕಾಣುತ್ತಿತ್ತು. ಬಿರುಕು ನೋಡಲೆಂದು ಅದನ್ನು ಹಣೆಗೇರಿಸಿ ಬಗ್ಗಿದಳು.

"ಇಲ್ಲಿ ನೋಡಕ್ಕ, ಇಲ್ಲಿ, ಅಂಚಿನಲ್ಲಿ" ಅಂತ ತಮ್ಮ ಕೈ ಚಾಚಿದ. ಅವನ ಮಣಿಕಟ್ಟಿನಲ್ಲಿ ಗಡಿಯಾರವಿತ್ತು. ಹೊಳೆಯುವ ಉಕ್ಕಿನ ಪಟ್ಟಿ.

ಅವಳ ತಲೆಯೊಳಗೆ ಟಪ್ ಅಂತ ಸದ್ದಾಯಿತು. ಬೆರಳಿನ ನೆಟಿಕೆ ತೆಗೆದಷ್ಟು ಸಣ್ಣ ಸದ್ದು. ಬೆಳಕೇನೂ ಕಾಣಲಿಲ್ಲ. ಆ ಲೇಸರ್ ಕಣ್ಣಿಗೆ ಕಾಣುವಂಥದ್ದೇ ಅಲ್ಲ. ನೋವೂ ಆಗಲಿಲ್ಲ. ಅವಳ ಕತ್ತು ಮಾತ್ರ ಹಿಂದಕ್ಕೆ ಹಾರಿತು.

"ಏನಾಯ್ತಕ್ಕ?"

"ಏನಿಲ್ಲ."

ತಮ್ಮ ತನ್ನ ಮಣಿಕಟ್ಟು ನೋಡಿಕೊಂಡ. ಆಮೇಲೆ ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡ. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

ಆಗಲೇ ಹೋಗಬೇಕಿತ್ತು ಡಾಕ್ಟರ ಹತ್ತಿರ. ಅವಳು ಹೋಗಲಿಲ್ಲ. ಕನ್ನಡಕ ಇಳಿಸಿಕೊಂಡು, ಕನ್ನಡಿ ಹೊಂದಿಸುವುದನ್ನು ಮುಗಿಸಿ, ಮುಚ್ಚಳ ಹಾಕಿ, ದಿನಚರಿಯಲ್ಲಿ ಅಂದಿನ ಅಂಕಿಗಳನ್ನು ಬರೆದು ಸಹಿ ಮಾಡಿದಳು. ಬರೆಯುವಾಗ ಪೆನ್ನಿನ ತುದಿ ಇದ್ದಲ್ಲಿ ಒಂದು ಕಂದು ಮಚ್ಚೆ ಜೊತೆಜೊತೆಗೇ ಬರುತ್ತಿತ್ತು. ಊಟದ ಕೋಣೆಯಲ್ಲಿ ತಮ್ಮ ಎದುರಿಗೆ ಕೂತ. ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನಿಂದ ಅವನನ್ನು ನೋಡಿದಳು. ಎರಡು ಕಿವಿ ಇದ್ದವು, ಕೂದಲಿತ್ತು, ಅಂಗಿಯ ಕಾಲರಿತ್ತು. ನಡುವೆ ಮುಖ ಇರಲಿಲ್ಲ.

"ನಿನ್ನ ಮುಖ ಕಾಣ್ತಿಲ್ಲ ಕಣೋ" ಅಂದಳು, ಊಟಕ್ಕೆ ಉಪ್ಪು ಸಾಲದು ಅನ್ನುವ ಧಾಟಿಯಲ್ಲಿ.

ಅವನ ಕೈಯಿಂದ ಚಮಚ ಬಿತ್ತು.

ಕಣ್ಣಾಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ಮುಕ್ಕಾಲು ಗಂಟೆ ಕೂರಿಸಿ, ಯಂತ್ರದ ಮುಂದೆ ಗಲ್ಲ ಇಡಿಸಿ ಚಿತ್ರ ತೆಗೆದರು. ಪರದೆಯ ಮೇಲೆ ಅವಳ ಕಣ್ಣಿನ ಒಳಪದರ ಒಂದರ ಮೇಲೊಂದು ಹಾಸಿದ ಬಟ್ಟೆಯ ಹಾಗೆ ಕಂಡಿತು. ನಡುವೆ, ಸರಿಯಾಗಿ ನಡುವೆ, ಇಸ್ತ್ರಿಪೆಟ್ಟಿಗೆ ಮರೆತಿಟ್ಟಂತೆ ಒಂದು ತೂತು.

"ನೇರ ನೋಡೋಕೆ ಬೇಕಾದ ಜಾಗವೇ ಸುಟ್ಟಿದೆ" ಅಂದರು ಡಾಕ್ಟರಮ್ಮ. "ಸುತ್ತಲಿನದ್ದು ಕಾಣುತ್ತೆ. ಊತ ಇಳಿದ ಮೇಲೆ ಸ್ವಲ್ಪ ಸುಧಾರಿಸಬಹುದು. ಆದ್ರೆ ಓದೋದು, ಮುಖ ಗುರುತು ಹಿಡಿಯೋದು ಈ ಕಣ್ಣಿಂದ ಇನ್ನು ಕಷ್ಟ."

"ನೋವೇ ಆಗಲಿಲ್ಲವಲ್ಲ."

"ಕಣ್ಣಿನ ಪರದೆಗೆ ನೋವು ಗೊತ್ತಾಗಲ್ಲ."

"ಕೆಲಸಕ್ಕೆ ಯಾವಾಗಿಂದ ಹೋಗಬಹುದು?"

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ನಾನು ಹೇಳಿದ್ದು ನಿಮಗೆ ಅರ್ಥವಾಯ್ತಾ?"

"ಆಯ್ತು" ಅಂದಳು. ಅರ್ಥವಾಗಿತ್ತು ಕೂಡ. ಪಕ್ಕದ ಬೀದಿಯಲ್ಲಿ ಯಾರಿಗೋ ಏನೋ ಆಯಿತಂತೆ ಅನ್ನುವ ಸುದ್ದಿ ಅರ್ಥವಾಗುತ್ತದಲ್ಲ, ಹಾಗೆ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವಳು ಒಳಗೆ ಬಂದು ವಿಷಯ ಹೇಳಿದಾಗ ಹೊಲಿಗೆ ಯಂತ್ರ ಅರ್ಧ ತೋಳಿನಲ್ಲಿ ನಿಂತಿತು. ಅವನು ಎದ್ದು ಬಂದು, ಅವಳ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, ಕಣ್ಣನ್ನೇ ನೋಡಿದ.

"ಯಾವುದು?"

"ಬಲಗಡೆಯದು. ಹೊರಗೇನೂ ಕಾಣಲ್ಲ ಬಿಡಿ."

"ಮೊದಲಿನ ಹಾಗೇ ಇದೆಯಲ್ಲೇ" ಅಂದ ಅವನು. ಅವನ ದನಿ ಒಡೆದಿತ್ತು. ಗಲ್ಲ ಬಿಟ್ಟು ಕೇಳಿದ, "ಆ ಬೆಳಕು ಯಾವುದಕ್ಕೆ ತಾಗಿ ತಿರುಗಿತು?"

"ಗೊತ್ತಿಲ್ಲ."

"ಜೊತೆಗೆ ಯಾರಿದ್ರು?"

"ತಮ್ಮ ಇದ್ದ."

ಗಂಡ ಹೋಗಿ ಯಂತ್ರದ ಮುಂದೆ ಕೂತ. ಬಹಳ ಹೊತ್ತಿನವರೆಗೆ ಅದು ಓಡಲಿಲ್ಲ.

ಎರಡು ವಾರ ಅವಳು ಮನೆಯಲ್ಲಿದ್ದಳು. ನೋಡಲು ಬಂದವರು ಕೈ ಹಿಡಿದು ಅತ್ತರು. ಅವಳು ಅವರಿಗೆ ಚಹಾ ಮಾಡಿದಳು, ಬಗ್ಗಿಸುವಾಗ ಲೋಟದ ಅಂಚು ತಪ್ಪಿ ತಟ್ಟೆಗೆ ಸುರಿದಳು, ಒರೆಸಿದಳು, ಮತ್ತೆ ಬಗ್ಗಿಸಿದಳು. ಒಂದು ಕಣ್ಣಿಗೆ ದೂರ ಹತ್ತಿರಗಳ ಅಳತೆ ಸಿಗುವುದಿಲ್ಲ ಅನ್ನುವುದನ್ನು ಹೀಗೆ ಕಲಿತಳು. ಮೆಟ್ಟಿಲಿಳಿಯುವಾಗ ಕಾಲಿಗಿಂತ ಮೊದಲು ಕಂಬಿಯ ಮೇಲೆ ಕೈ ಇಳಿಸುವುದನ್ನು ಕಲಿತಳು. ಅಳು ಬರಬೇಕಲ್ಲ ಅಂತ ಬೆಳಗಿನ ಹೊತ್ತು ಕಿಟಕಿಯ ಹತ್ತಿರ ಕೂತು ಕಾದಳು. ಬರಲಿಲ್ಲ. ಕೋಪಕ್ಕೂ ಕಾದಳು. ಅದೂ ಬರಲಿಲ್ಲ. ಎದೆಯ ಜಾಗದಲ್ಲಿ, ತುಂಬ ಹೊತ್ತು ಮಡಚಿ ಕೂತ ಕಾಲಿನ ಹಾಗೆ, ಇದೆ ಅಂತ ಗೊತ್ತಿರುವ ಆದರೆ ತನ್ನದಲ್ಲದ ಏನೋ ಇತ್ತು. ಗಂಡ ಅವಳ ಮುಂದೆ ನಿಂತು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಿದ್ದ. ಬೆನ್ನು ತಿರುಗಿಸಿ ಪೋಣಿಸುತ್ತಿದ್ದ. ಅದನ್ನೂ ಗಮನಿಸಿದಳು.

ತಮ್ಮ ಬರಲಿಲ್ಲ. ಮೊದಲ ದಿನ ಮನೆಯ ಬಾಗಿಲವರೆಗೆ ಬಿಟ್ಟು ಹೋದವನು ಮತ್ತೆ ಇತ್ತ ಸುಳಿಯಲಿಲ್ಲ. ಒಂದು ಸಲ ಫೋನಿಗೆ 'ಹೇಗಿದ್ದೀಯ' ಅಂತ ಸಂದೇಶ ಕಳಿಸಿದ. 'ಪರವಾಗಿಲ್ಲ' ಅಂತ ಅವಳು ಉತ್ತರಿಸಿದಳು. ಅಷ್ಟೇ.

ಮೂರನೆಯ ವಾರ ಮುಖ್ಯಸ್ಥರು ಕರೆಸಿದರು. ಲೇಸರ್ ಕೋಣೆಗೆ ಬೀಗ ಬಿದ್ದಿತ್ತು. ಮೇಜಿನ ಮೇಲೆ ಒಂದು ವರದಿಯ ನಮೂನೆ ಇತ್ತು, ಮೇಲೆ 'ಘಟನೆಯ ವಿವರ' ಅಂತ.

"ಮೈ ಹೇಗಿದೆಯಮ್ಮಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ನೋಡಿ, ಕಾರಣ ತಿಳಿಯದು ಅಂತ ಬರೆದರೆ ಬೀಗ ತೆಗೆಯೋ ಹಾಗಿಲ್ಲ. ಮೇಲಿನವರ ಕಣ್ಣು ನಮ್ಮ ಮೇಲೆ..." ಅಂದವರು ತಡವರಿಸಿದರು. "ಅಂದ್ರೆ, ಅವರು ವಿಚಾರಿಸ್ತಾ ಇದ್ದಾರೆ."

"ಹೇಳಿ ಸರ್, ಪರವಾಗಿಲ್ಲ." ಈಚೆಗೆ ಎಲ್ಲರ ಮಾತಿನಲ್ಲೂ ಕಣ್ಣು ಎಡವುತ್ತಿತ್ತು. ಭಾಷೆಯಲ್ಲಿ ಇಷ್ಟೊಂದು ಕಣ್ಣುಗಳಿವೆ ಅಂತ ಅವಳಿಗೆ ಮೊದಲು ತಿಳಿದಿರಲಿಲ್ಲ.

"ಕುಲುಮೆಯನ್ನ ಕೇಳಿದೆ. ತಾನು ಏನೂ ನೋಡಲಿಲ್ಲ, ಬೇರೆ ಕಡೆ ತಿರುಗಿದ್ದೆ ಅಂದ."

"ಹಾಗಂದನಾ?"

"ಹೌದು."

ಅವಳು ಪೆನ್ನು ಕೇಳಿ ತೆಗೆದುಕೊಂಡಳು. ಕಾಗದವನ್ನು ಎಡಗಣ್ಣಿನ ಕಡೆಗೆ ಸರಿಸಿಕೊಂಡು ನಿಧಾನವಾಗಿ ಬರೆದಳು: 'ಮುಚ್ಚಳ ತೆಗೆದಾಗ ಬೆಳಕು ನಿಲ್ಲದಂತೆ ಸ್ವಿಚ್ಚಿಗೆ ಕ್ಲಿಪ್ಪು ಸಿಕ್ಕಿಸಿದ್ದು ನಾನು. ರಕ್ಷಣೆಯ ಕನ್ನಡಕವನ್ನು ಹಣೆಗೆ ಏರಿಸಿದ್ದು ನಾನು. ಬಿರುಕು ತೋರಿಸಲು ಬೆಳಕಿನ ದಾರಿಗೆ ಅಡ್ಡ ಕೈ ಚಾಚಿದ್ದು ನನ್ನ ತಮ್ಮ. ಅವನ ಕೈಯಲ್ಲಿ ಗಡಿಯಾರವಿತ್ತು.' ಕೆಳಗೆ ಸಹಿ ಹಾಕಿದಳು.

ಮುಖ್ಯಸ್ಥರು ಎರಡು ಸಲ ಓದಿದರು. "ಇದನ್ನ ಹೀಗೇ ಕಳಿಸಲಾ? ಬೇಕಿದ್ರೆ ಕೊನೆಯ ಎರಡು ಸಾಲು..."

"ನಡೆದದ್ದು ಹೀಗೇ ಸರ್."

ಸೇಡಿಗೆಂದು ಬರೆದದ್ದಲ್ಲ. ನ್ಯಾಯಕ್ಕೆ ಅಂತಲೂ ಅಲ್ಲ. ದಿನಚರಿಯಲ್ಲಿ ಅಂಕಿ ಬರೆಯುವ ಹಾಗೆ ಬರೆದಿದ್ದಳು. ಹೊರಗೆ ಬಂದಾಗ ತಾನು ಏನನ್ನಾದರೂ ಕಳೆದುಕೊಂಡೆನೇ ಅಂತ ಕೈಚೀಲ ತೆರೆದು ನೋಡಿಕೊಂಡಳು. ಎಲ್ಲ ಇತ್ತು.

ಒಂದು ವಾರದಲ್ಲಿ ತೀರ್ಮಾನ ಬಂತು. ತಮ್ಮ ಇನ್ನು ಲೇಸರ್ ಕೋಣೆಗೆ ಕಾಲಿಡುವ ಹಾಗಿಲ್ಲ, ಕುಲುಮೆಯ ಕೋಣೆಯಲ್ಲೇ ಇರಬೇಕು. ಅವಳಿಗೆ ಎಚ್ಚರಿಕೆಯ ಪತ್ರ. ಕೋಣೆಯ ಹೊಣೆ ಒಂದು ವರ್ಷ ಬೇರೆಯವರಿಗೆ. ಕೆಲಸ ಮಾತ್ರ ಅವಳೇ ಮಾಡಬೇಕು, ಏಕೆಂದರೆ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಬಾಗಿಲ ಹೊರಗೆ ಗಡಿಯಾರ, ಉಂಗುರ ಬಿಚ್ಚಿಡಲು ಒಂದು ಪ್ಲಾಸ್ಟಿಕ್ ಡಬ್ಬ ತೂಗುಹಾಕಿದರು.

ತಮ್ಮನ ಜೊತೆಗಿದ್ದ ಅಮ್ಮ ಅದೇ ದಿನ ಸಂಜೆ ಫೋನು ಮಾಡಿದಳು.

"ನಿನ್ನ ತಮ್ಮನ ಹೆಸರು ಬರೆದು ಕೊಟ್ಟೆಯಂತೆ?"

"ನಡೆದದ್ದು ಬರೆದೆ ಅಮ್ಮ."

"ಅವನು ಸರಿಯಾಗಿ ಊಟ ಮಾಡ್ತಿಲ್ಲ. ಗೋಡೆ ನೋಡ್ಕೊಂಡು ಕೂತಿರ್ತಾನೆ. ಒಡಹುಟ್ಟಿದವನು ಕಣೇ."

"ಅಮ್ಮ, ಹೋದದ್ದು ನನ್ನ ಕಣ್ಣು."

"ನನಗೆ ಗೊತ್ತಿಲ್ವಾ? ನನಗಂತೂ ನೀವಿಬ್ಬರೂ ಎರಡು ಕ..." ಅಮ್ಮ ಅಲ್ಲಿಗೇ ನಿಂತಳು. ಆ ಕಡೆಯಿಂದ ಮೂಗು ಸೊರಸೊರ ಎಳೆದ ಸದ್ದು ಬಂತು. "ಮಾತ್ರೆ ತಗೊಂಡೆಯಾ ಅಮ್ಮ?" ಅಂತ ಕೇಳಿದಳು. "ತಗೊಂಡೆ" ಅಂದಳು ಅಮ್ಮ. ಫೋನು ಇಟ್ಟಮೇಲೆ ಗಂಡ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಹೇಳಿದ, "ಅಂದ್ರೆ ಅವನ ಗಡಿಯಾರ. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಹೋಗಿ ಅವನ ಕಾಲರು ಹಿಡೀತಿದ್ರಿ."

"ಹಿಡೀತಿದ್ದೆ."

"ಅದನ್ನ ನೋಡೋ ಶಕ್ತಿ ನನಗಿರಲಿಲ್ಲ."

ಗಂಡ ಗುಂಡುಸೂಜಿಗಳನ್ನು ಡಬ್ಬಿಗೆ ಸುರಿದು, "ಈ ಮನೆಗೆ ಅವನು ಬರಬಾರದು" ಅಂದ. ಅವಳು "ಸರಿ" ಅಂದಳು. ಅವನು ಬರುತ್ತಲೂ ಇರಲಿಲ್ಲ.

ಕೆಲಸಕ್ಕೆ ವಾಪಸಾದ ಮೇಲೆ ಕಷ್ಟವಾದದ್ದು ಲೇಸರ್ ಅಲ್ಲ. ಅದರ ಕೆಲಸವೆಲ್ಲ ಕ್ಯಾಮೆರಾದ ಪರದೆಯ ಮೇಲೆ, ಅದಕ್ಕೆ ಒಂದು ಕಣ್ಣು ಸಾಕು. ಕಷ್ಟವಾದದ್ದು ಇಕ್ಕಳದಲ್ಲಿ ಗಾಜನ್ನು ಎತ್ತಿ ಪೀಠದ ಮೇಲೆ ಇಡುವುದು. ಮೊದಲ ವಾರ ಗಾಜು ಪೀಠದ ಪಕ್ಕಕ್ಕೇ ಇಳಿಯುತ್ತಿತ್ತು. ಆಮೇಲೆ ಕಿರುಬೆರಳನ್ನು ಪೀಠದ ಅಂಚಿಗೆ ತಾಗಿಸಿಕೊಂಡು ಇಡುವ ಉಪಾಯ ಕಂಡುಕೊಂಡಳು.

ಗಾಜು ಬಾಗಿಲಿಗೆ ಬರುತ್ತಿತ್ತು. ತಮ್ಮ ಅದನ್ನು ಹತ್ತಿ ಸುತ್ತಿದ ಡಬ್ಬದಲ್ಲಿಟ್ಟು, ಮೇಲೆ ತಾರೀಕು ಬರೆದು, ಅವಳು ಬರುವ ಮೊದಲೇ ಬಾಗಿಲ ಹತ್ತಿರದ ಕಪಾಟಿನಲ್ಲಿ ಇಟ್ಟು ಹೋಗುತ್ತಿದ್ದ. ಓಣಿಯಲ್ಲಿ ಎದುರಾದರೆ ಇಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅವನು ಯಾವಾಗಲೂ ಅವಳ ಬಲಗಡೆಗೇ ಸರಿಯುತ್ತಿದ್ದ. ಅತ್ತ ಹೋದರೆ ತನ್ನನ್ನು ನೋಡಲಾರಳು ಅಂದುಕೊಂಡಿದ್ದನೋ ಏನೋ. ಪಕ್ಕದಿಂದ ಅವನು ಚೆನ್ನಾಗಿಯೇ ಕಾಣುತ್ತಿದ್ದ. ತೂಕ ಇಳಿದಿದ್ದ. ಮಣಿಕಟ್ಟಿನಲ್ಲಿ ಗಡಿಯಾರ ಇದ್ದ ಜಾಗ ಬಿಳಿಚಿಕೊಂಡಿತ್ತು.

ಹೊಸ ಗಾಜಿನ ಮೊದಲ ತುಂಡು ಎರಡನೆಯ ಗೆರೆಗೆ ಬಿರುಕು ಬಿಟ್ಟಿತು. ಅವಳು ಲೇಸರಿನ ಬಲ ತಗ್ಗಿಸಿದಳು. ಎರಡನೆಯ ತುಂಡು ಮೊದಲ ಗೆರೆಯಲ್ಲೇ ಬಿರುಕು ಬಿಟ್ಟಿತು. ಮತ್ತಷ್ಟು ತಗ್ಗಿಸಿದಳು. ಮೂರನೆಯದಕ್ಕೆ ಬೆಳಕು ತಾಗಿದ್ದೇ ತಡ, ಚಟ್ ಅಂತ ಈ ಅಂಚಿನಿಂದ ಆ ಅಂಚಿಗೆ ಸೀಳಿತು. ಆಗ ಅವಳು ತುಂಡನ್ನು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಧ್ರುವಕ ಹಾಳೆಗಳ ನಡುವೆ ಹಿಡಿದು ದೀಪಕ್ಕೆ ಒಡ್ಡಿ ನೋಡಿದಳು. ಸರಿಯಾಗಿ ಆರಿದ ಗಾಜು ಹಾಗೆ ಹಿಡಿದಾಗ ಕಪ್ಪಗೆ, ಸಮನಾಗಿ ಕಾಣಬೇಕು. ಇದರಲ್ಲಿ ಬಿಳಿ ಪಟ್ಟೆಗಳು ಹೆಣೆದುಕೊಂಡಿದ್ದವು. ಅವಸರದಲ್ಲಿ ಆರಿಸಿದ ಗಾಜು. ಹೊರಗೆ ನುಣ್ಣಗೆ, ಒಳಗೆ ಪೂರಾ ಬಿಗಿತ.

ಡಬ್ಬವನ್ನು ಹಿಡಿದು ಅವಳು ಓಣಿಯ ಕೊನೆಯವರೆಗೆ ನಡೆದು, ಕುಲುಮೆಯ ಕೋಣೆಯ ಬಾಗಿಲು ದೂಡಿದಳು. ಬಿಸಿ ಮುಖಕ್ಕೆ ಹೊಡೆಯಿತು. ತಮ್ಮ ದಪ್ಪ ಕೈಗವಸು ಹಾಕಿಕೊಂಡು ತೂಕದ ಯಂತ್ರದ ಮುಂದಿದ್ದ. ಅವಳನ್ನು ಕಂಡು ಎದ್ದು ನಿಂತ.

"ಎಷ್ಟು ದಿನ ಆರಿಸಿದೆ ಇದನ್ನ?"

"ಅದು... ಒಂದು ದಿನ."

"ಮೂರು ದಿನ ಅಲ್ವಾ ಲೆಕ್ಕ?"

"ಮೂರು ದಿನ."

"ಮತ್ತೆ? ಮೂರು ತುಂಡು ಕೊಟ್ಟೆ, ಮೂರೂ ಒಡೆದವು. ಪಟ್ಟೆ ಪಟ್ಟೆ ಎದ್ದು ಕಾಣ್ತಿದೆ, ಯಾರಿಗೆ ಬೇಕಾದ್ರೂ ಕಾಣುತ್ತೆ! ಕಳಿಸೋ ಮೊದಲು ನೋಡಬಾರದಾ? ಕಣ್ಣಿಲ್ವೇನೋ ನಿನಗೆ?"

ಮಾತು ಬಾಯಿಂದ ಹೊರಬಿದ್ದಿತ್ತು. ಕುಲುಮೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಇಬ್ಬರೂ ನಿಂತಲ್ಲೇ ನಿಂತರು. ಮೊದಲು ತಮ್ಮನ ತುಟಿ ನಡುಗಿತು. ಅವನು ನಗುತ್ತಿದ್ದಾನೆ ಅಂದುಕೊಂಡಳು, ನಗುತ್ತಲೂ ಇದ್ದ. ಅವಳ ಮೂಗಿನಿಂದಲೂ ಒಂದು ಪುಸ್ ಅನ್ನುವ ಸದ್ದು ಹೊರಟಿತು. ಆಮೇಲೆ ಅವನ ನಗು ಎಲ್ಲೋ ಹಳಿ ತಪ್ಪಿತು. ಕೈಗವಸು ಹಾಕಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಸಿದು, ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಅಳುತ್ತಿದ್ದ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಅವಳಿಗೆ ಅಳು ಬರಲಿಲ್ಲ. ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಕುಲುಮೆಯ ಕಾವು ಮಂಡಿಗೆ ತಾಗುತ್ತಿತ್ತು. ಹಿತವಾಗಿತ್ತು.

"ದಿನಾ ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಹೇಳಿಬಿಡ್ತೀನಿ ಅಂದ್ಕೋತಿದ್ದೆ ಅಕ್ಕ" ಅಂದ ಅವನು ಕೊನೆಗೆ. "ಮುಖ್ಯಸ್ಥರು ಕೇಳಿದಾಗ ಬಾಯಿ ತೆಗೆದೆ. ಬೇರೇನೋ ಬಂತು. ನೋಡಲಿಲ್ಲ ಅಂದೆ. ಆಮೇಲೆ ನಿನ್ನ ಮನೆಗೆ ಬರೋಕೆ ಮುಖ ಇರಲಿಲ್ಲ."

"ನನಗಂತೂ ಕಾಣ್ತಿರಲಿಲ್ಲ ಬಿಡು ನಿನ್ನ ಮುಖ."

ಅವನು ತಲೆಯೆತ್ತಿ ನೋಡಿದ. ಇದು ತಮಾಷೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

"ಯಾಕೆ ಒಂದೇ ದಿನ ಆರಿಸ್ತಿದ್ದೆ?"

"ಬೇಗ ಮುಗಿದ್ರೆ ಸಾಕು ಅಂತ. ಈ ತುಂಡು ಮುಗಿದ ಮೇಲೆ ಕೆಲಸ ಬಿಟ್ಟು ಎಲ್ಲಿಗಾದ್ರೂ ಹೋಗಿಬಿಡೋಣ ಅಂತ."

"ಎಲ್ಲಿಗೆ?"

"ಎಲ್ಲಿಗಾದ್ರೂ."

"ಅಮ್ಮನನ್ನ?"

ಅವನು ಕೈಗವಸು ಕಳಚಿ ಮುಖ ಒರೆಸಿಕೊಂಡ. "ನನ್ನ ಮೇಲೆ ಕೋಪ ಇದೆಯಾ ಅಕ್ಕ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಹುಡುಕ್ತಾ ಇದ್ದೀನಿ. ಇನ್ನೂ ಸಿಕ್ಕಿಲ್ಲ. ಸಿಕ್ಕಿದ ದಿನ ಮೊದಲು ನಿನಗೇ ಹೇಳ್ತೀನಿ."

"ಬಾಯಿಗೆ ಬಂದ ಹಾಗೆ ಬಯ್ಯಿ."

"ಬೈದೆನಲ್ಲ ಈಗ." ಅವಳು ಎದ್ದು ಡಬ್ಬವನ್ನು ಅವನ ಮೇಜಿನ ಮೇಲಿಟ್ಟಳು. "ಮೂರು ದಿನ. ಒಂದು ಗಂಟೆ ಕಮ್ಮಿಯಾದ್ರೂ ನಾನು ಮುಟ್ಟಲ್ಲ. ಕಳಿಸೋ ಮೊದಲು ದೀಪಕ್ಕೆ ಹಿಡಿದು ನೋಡು."

ಬಾಗಿಲು ಎಳೆದುಕೊಂಡು ತನ್ನ ಕೋಣೆಯ ಕಡೆಗೆ ನಡೆದಳು.

ಮುಂದಿನ ಗಾಜು ಬರಲು ಎಂಟು ದಿನ ಹಿಡಿಯಿತು. ಈ ಸಲ ಡಬ್ಬವನ್ನು ಕಪಾಟಿನಲ್ಲಿ ಇಟ್ಟು ಹೋಗದೆ, ತಮ್ಮ ಅವಳು ಬರುವವರೆಗೂ ಬಾಗಿಲಲ್ಲಿ ನಿಂತು ಕೈಗೆ ಕೊಟ್ಟ. ಅವಳು ಅಲ್ಲೇ ಹಾಳೆಗಳ ನಡುವೆ ಹಿಡಿದು ನೋಡಿದಳು. ಅಂಚಿನಿಂದ ಅಂಚಿಗೆ ಒಂದೇ ಕಪ್ಪು. "ಹೂಂ" ಅಂದಳು. ಅವಳ "ಹೂಂ"ಗೆ ಎಷ್ಟು ಬೆಲೆ ಅಂತ ಬಲ್ಲವನು ಅವನೊಬ್ಬನೇ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಕೂತಳು. ಮುಚ್ಚಳ ಹಾಕಿತ್ತು, ಸ್ವಿಚ್ಚಿಗೆ ಕ್ಲಿಪ್ಪು ಇರಲಿಲ್ಲ, ಕನ್ನಡಕ ಮೂಗಿನ ಮೇಲಿತ್ತು, ಲೇಸರಿನ ಬಲ ತಗ್ಗಿಸಿದಷ್ಟೇ ಇತ್ತು. ಮೊದಲ ಗೆರೆ ಇಪ್ಪತ್ತು ಸಲ ಹೋಗಿ ಬಂತು. ಎರಡನೆಯ ಗೆರೆ ದೂರದಿಂದ ಶುರುವಾಗಿ, ಬಾಗಿ, ಮೊದಲನೆಯದರ ಮಗ್ಗುಲಿಗೆ ಬಂದು, ತಾಗದೆ, ಅಕ್ಕಿಕಾಳಿನಷ್ಟು ದೂರ ಜೊತೆಗೆ ಹರಿದು, ಮತ್ತೆ ಬಾಗಿ ದೂರ ಹೋಗಬೇಕು. ಅಲ್ಲಿಯೇ ಒಡೆಯುವುದು ರೂಢಿ. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಒಡೆಯಲಿಲ್ಲ. ಮೂರೂವರೆಗೆ ಯಂತ್ರ ನಿಂತಿತು. ಅವಳು ಬೆನ್ನು ನೆಟ್ಟಗೆ ಮಾಡಿ, ನೀರು ಕುಡಿದು, ತುದಿಗಳನ್ನು ಉಜ್ಜಿ ನುಣುಪು ಮಾಡಲು ಗಾಜನ್ನು ಕಳಿಸಿಕೊಟ್ಟಳು.

ಪರೀಕ್ಷೆಯ ದಿನ ಮುಖ್ಯಸ್ಥರೂ ಬಂದು ಹಿಂದೆ ನಿಂತರು. ಒಂದು ಗೆರೆಯ ತುದಿಗೆ ಕಣ್ಣಿಗೆ ಕಾಣದ ಶಾಖದ ಬೆಳಕನ್ನು ಬಿಟ್ಟು, ಇನ್ನೊಂದು ಕಡೆಗೆ ಕ್ಯಾಮೆರಾ ಇಟ್ಟಿದ್ದರು. ಮೊದಲಿಗೆ ಪರದೆ ತುಂಬ ಬೂದು ಕಸ. ಅವಳು ತಿರುಪನ್ನು ಅರ್ಧ ಕೂದಲಿನಷ್ಟು ತಿರುಗಿಸಿದಳು. ಎಡಗಡೆ ಒಂದು ಚುಕ್ಕೆ ಹೊತ್ತಿತು. ಮತ್ತಷ್ಟು ತಿರುಗಿಸಿದಳು. ಅದರ ಪಕ್ಕದಲ್ಲಿ ಇನ್ನೊಂದು. ಒಂದೇ ಗೆರೆಗೆ ಬಿಟ್ಟ ಬೆಳಕು ಮಗ್ಗುಲಿನ ಗೆರೆಗೂ ಹಂಚಿಕೊಂಡು ಎರಡಾಗಿ ಹೊರಬಂದಿತ್ತು. ಅಳೆದರು. ಹೆಚ್ಚುಕಮ್ಮಿ ಸಮ.

"ಬಂತಲ್ಲಾ!" ಅಂತ ಮುಖ್ಯಸ್ಥರು ಕೈ ತಟ್ಟಿದರು. "ಗೆರೆಯಕ್ಕ ಅಂದ್ರೆ ಗೆರೆಯಕ್ಕ!" ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ.

ಅವಳು ಸಂತೋಷವನ್ನೂ ಹುಡುಕಿ ನೋಡಿದಳು. ಇರಬೇಕಾದ ಜಾಗದಲ್ಲಿ ಕೈಗೆ ಸಿಗಲಿಲ್ಲ. ಆದರೆ ಬಾಗಿಲಿನ ಪುಟ್ಟ ಗಾಜಿನ ಕಿಂಡಿಯಾಚೆ ಯಾರೋ ನಿಂತದ್ದು ಬಲಗಣ್ಣಿನ ಅಂಚಿನಲ್ಲಿ ಗೊತ್ತಾಯಿತು. ಒಳಗೆ ಬರುವ ಹಾಗಿಲ್ಲದವನು. ಅವಳು ಎದ್ದು, ಪರದೆಯ ತಂತಿ ಸಾಕಾಗುವಷ್ಟು ಎಳೆದು, ಅದನ್ನು ಕಿಂಡಿಯ ಕಡೆಗೆ ತಿರುಗಿಸಿ ಹಿಡಿದಳು. ತಮ್ಮ ಗಾಜಿಗೆ ಹಣೆ ಒತ್ತಿ ನೋಡಿದ. ಎರಡು ಬೆರಳು ಎತ್ತಿ, ಎರಡಾ ಅಂತ ಸನ್ನೆಯಲ್ಲಿ ಕೇಳಿದ. ಅವಳು ತಲೆಯಾಡಿಸಿದಳು.

ತುಂಡು ಪೆಟ್ಟಿಗೆ ಸೇರಿ ದೂರದರ್ಶಕದವರ ಹತ್ತಿರ ಹೋಯಿತು. ಮುಂದಿನ ತಿಂಗಳು ಡಾಕ್ಟರಮ್ಮ ಮತ್ತೆ ಚಿತ್ರ ತೆಗೆದು, ಊತ ಇಳಿದಿದೆ, ತೂತು ಹಾಗೇ ಉಳಿಯುತ್ತದೆ ಅಂದರು. ಬಲಗಣ್ಣಿನಿಂದ ಅವಳು ಫಲಕದ ಎಲ್ಲಕ್ಕಿಂತ ದೊಡ್ಡ ಅಕ್ಷರವನ್ನು ಮಾತ್ರ, ಅದೂ ಓರೆಯಾಗಿ ನೋಡಿ, ಹೇಳಬಲ್ಲವಳಾಗಿದ್ದಳು. ಅದನ್ನು ಗಂಡನಿಗೆ ಹೇಳಿದಳು. ಹಾಗೇ, ತಮ್ಮ ಭಾನುವಾರ ಬರುತ್ತೇನೆ ಅಂದಿದ್ದಾನೆ ಅಂತಲೂ ಹೇಳಿದಳು. ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಭಾನುವಾರ ಹತ್ತು ಗಂಟೆಗೆ ತಮ್ಮ ಬಂದ. ಹೊಸ್ತಿಲ ಆಚೆಗೇ ನಿಂತು, "ಭಾವ" ಅಂದ. ಗಂಡ ಯಂತ್ರದಿಂದ ತಲೆ ಎತ್ತಲಿಲ್ಲ. ಒಂದು ಇಡೀ ಹೊಲಿಗೆ ಮುಗಿಯುವವರೆಗೂ ಪೆಡಲು ತುಳಿದ. ತಮ್ಮ ನಿಂತೇ ಇದ್ದ. ಅಡುಗೆಮನೆಯ ಬಾಗಿಲಲ್ಲಿ ಅವಳೂ ನಿಂತಿದ್ದಳು. ಗಂಡ ದಾರ ಹಲ್ಲಿನಲ್ಲಿ ಕಡಿದು, ಬಟ್ಟೆ ಕೊಡವಿ, ಅದನ್ನೇ ನೋಡುತ್ತ ಹೇಳಿದ:

"ಆ ಕುರ್ಚಿ ಮೇಲಿನ ಬಟ್ಟೆ ತೆಗೆದು ಕೂತ್ಕೋ. ಮಡಿಕೆ ಕೆಡಿಸಬೇಡ."

ಅವಳು ಒಳಗೆ ಹೋಗಿ ಮೂರು ಜನರ ಚಹಾಕ್ಕೆ ನೀರು ಇಟ್ಟಳು.